ಸೇಲಂ ಎಂಬ ಊರು, ಸೇಲಂ ಎಂಬ ಮನುಷ್ಯ



ಡಿಸೆಂಬರ್ 10 ಬಂತೆಂದರೆ ತೊರಪಲ್ಲಿ ಅಗ್ರಹಾರದಲ್ಲಿ ಸ್ವಲ್ಪ ಸಡಗರ. ರಾಜಾಜಿಯವರು ಹುಟ್ಟಿದ ದಿನ ಅದು. 1878ರಲ್ಲಿ ಅವರು ಹುಟ್ಟಿದ ಮನೆ ಈಗ ಸರ್ಕಾರದ ಸ್ಮಾರಕ. ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ ಗೋಡೆಯ ಮೇಲಿನ ಫೋಟೋಗಳನ್ನು ತೋರಿಸುವುದು ನಮಗೆ ರೂಢಿ. ಮಕ್ಕಳಿಗೆ ಫೋಟೋಗಳಿಗಿಂತ ಆಮೇಲೆ ಕೊಡುವ ಮಿಠಾಯಿಯ ಮೇಲೆ ಹೆಚ್ಚು ಗಮನ. ಅದು ತಪ್ಪಲ್ಲ ಬಿಡಿ.

ಅಲ್ಲಿಂದ ಬಂದ ಮೇಲೆ ತರಗತಿಯಲ್ಲಿ ಮಾತಾಡುತ್ತಾ, ರಾಜಾಜಿ ಹುಟ್ಟಿದಾಗ ನಮ್ಮ ಊರು ಸೇಲಂ ಜಿಲ್ಲೆಯಲ್ಲಿತ್ತು, ಅವರು 1900ರಲ್ಲಿ ವಕೀಲಿ ಶುರು ಮಾಡಿದ್ದೂ ಸೇಲಂನಲ್ಲೇ, 1917ರಲ್ಲಿ ಅಲ್ಲಿನ ನಗರಸಭೆಯ ಅಧ್ಯಕ್ಷರಾದರು ಎಂದು ಹೇಳುತ್ತಿದ್ದೆವು. 1965ರಲ್ಲಿ ನಾವು ಧರ್ಮಪುರಿ ಜಿಲ್ಲೆಯವರಾದೆವು, 2004ರಲ್ಲಿ ಕೃಷ್ಣಗಿರಿಯವರಾದೆವು. ಊರು ಇದ್ದಲ್ಲೇ ಇದೆ, ಜಿಲ್ಲೆ ಮಾತ್ರ ಬದಲಾಗುತ್ತಾ ಬಂದಿದೆ!

ಆಗ ಏಳನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸಾರ್, ಗಡಿನಾಡ ಗಾಂಧಿ ಅಂತ ಖಾನ್ ಸಾಹೇಬರಿಗೆ ಹೇಳ್ತಾರಲ್ಲ, ಹಾಗೆ ಇನ್ನೂ ಎಷ್ಟು ಜನ ಗಾಂಧಿಗಳಿದ್ದಾರೆ?"

ಒಳ್ಳೆಯ ಪ್ರಶ್ನೆ. ನೆನಪಿಗೆ ಬಂದವರಲ್ಲಿ ಒಬ್ಬರ ಹೆಸರೇ ಸೇಲಂ! ಊರಲ್ಲ, ಮನುಷ್ಯ. ಕೊಚ್ಚಿಯ ಎ.ಬಿ. ಸೇಲಂ. ಅವರನ್ನು ಜನ 'ಯಹೂದಿ ಗಾಂಧಿ' ಎಂದು ಕರೆಯುತ್ತಿದ್ದರು. ಅಂದು ಗಂಟೆ ಹೊಡೆದದ್ದರಿಂದ ಅರ್ಧಕ್ಕೆ ನಿಂತ ಆ ಕಥೆಯನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇವೆ. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಹೆಸರು ನಮಗೆ ಎಲ್ಲೂ ಸಿಕ್ಕಿಲ್ಲ. ಆದರೆ ಗಡಿಯಾಚೆ ಸಣ್ಣ ಸಂಖ್ಯೆಯಲ್ಲಿ ಬದುಕುವ ನಮ್ಮಂಥವರು ತಿಳಿದುಕೊಳ್ಳಬೇಕಾದ ಹೆಸರು ಇದು.

ಮೊದಲು ಯಹೂದಿಗಳ ವಿಷಯ ಎರಡು ಮಾತು. ನಮ್ಮ ಕಡೆ ಯಹೂದಿಗಳನ್ನು ಕಂಡವರು ಕಡಿಮೆ. ಬೆಂಗಳೂರಿನಲ್ಲಿ ಮೈಸೂರು ರಸ್ತೆಯ ಬಳಿ ಅವರದೊಂದು ಸಣ್ಣ ಸ್ಮಶಾನವಿದೆ. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟ ಜಾಗ ಅದು. ಆದರೆ ದಕ್ಷಿಣದಲ್ಲಿ ಯಹೂದಿಗಳ ನಿಜವಾದ ಬೇರು ಇದ್ದದ್ದು ಮಲಬಾರ್ ಕರಾವಳಿಯಲ್ಲಿ. ಸುಮಾರು ಕ್ರಿ.ಶ. 1000ದಲ್ಲಿ ಚೇರ ದೊರೆ ಭಾಸ್ಕರ ರವಿವರ್ಮನು ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ ತಾಮ್ರ ಶಾಸನ ಬರೆಸಿ ಕೊಟ್ಟ. ಪಲ್ಲಕ್ಕಿ, ಛತ್ರಿ, ಸುಂಕದಲ್ಲಿ ವಿನಾಯಿತಿ ಹೀಗೆ 72 ಹಕ್ಕುಗಳು. ಮೆಣಸಿನ ವ್ಯಾಪಾರದ ಕಾಲ ಅದು. ದೊರೆಗೆ ವ್ಯಾಪಾರಿ ಬೇಕು, ವ್ಯಾಪಾರಿಗೆ ದೊರೆಯ ಅಭಯ ಬೇಕು.

1492ರಲ್ಲಿ ಸ್ಪೇನ್ ದೇಶ ತನ್ನ ಯಹೂದಿಗಳನ್ನು ಹೊರಗೆ ಹಾಕಿತು. ಹಾಗೆ ಊರು ಬಿಟ್ಟವರಲ್ಲಿ ಕೆಲವರು ತಿರುಗುತ್ತಾ ತಿರುಗುತ್ತಾ ಕೊಚ್ಚಿಗೆ ಬಂದರು. ಕೊಚ್ಚಿಯ ರಾಜ ತನ್ನ ಅರಮನೆಯ ಪಕ್ಕದಲ್ಲೇ ಅವರಿಗೆ ಜಾಗ ಕೊಟ್ಟ. 1568ರಲ್ಲಿ ಅಲ್ಲಿ ಎದ್ದದ್ದೇ ಮಟ್ಟಾಂಚೇರಿಯ ಪರದೇಸಿ ಸಿನಗಾಗ್, ಅಂದರೆ ಪ್ರಾರ್ಥನಾ ಮಂದಿರ. ಪ್ರವಾಸ ಹೋದವರು ನೋಡಿರುತ್ತೀರಿ. ನೆಲಕ್ಕೆಲ್ಲ ಚೀನಾ ದೇಶದ ನೀಲಿ ಬಿಳುಪಿನ ಹೆಂಚು, ಮೇಲೆ ಗಾಜಿನ ದೀಪಗಳು.

ಯುರೋಪಿನಲ್ಲಿ ಯಹೂದಿಗಳನ್ನು ಅಟ್ಟಾಡಿಸಿದರು, ಆದರೆ ಭಾರತದಲ್ಲಿ ಅವರಿಗೆ ಯಾರೂ ಕಾಟ ಕೊಡಲಿಲ್ಲ ಎಂದು ನಾವು ಹೆಮ್ಮೆಯಿಂದ ಪಾಠ ಮಾಡುತ್ತೇವೆ. ಬಹುಮಟ್ಟಿಗೆ ಇದು ನಿಜ. ಆದರೆ ಪಾಠ ಅಲ್ಲಿಗೇ ನಿಂತರೆ ಅರ್ಧ ಪಾಠ. ಏಕೆಂದರೆ ನಮ್ಮ ನೆಲದ ಅನ್ನದ ಜೊತೆ ನಮ್ಮ ನೆಲದ ಇನ್ನೊಂದು ರೋಗವೂ ಅವರಿಗೆ ತಗುಲಿತು. ಅದೇ ಮೇಲು ಕೀಳು.

ಪರದೇಸಿಗಳು 'ಬಿಳಿ ಯಹೂದಿ'ಗಳಾದರು. ಅವರಿಗಿಂತ ಮೊದಲೇ ಇಲ್ಲಿದ್ದ ಮಲಬಾರಿನ ಯಹೂದಿಗಳು 'ಕಪ್ಪು ಯಹೂದಿ'ಗಳಾದರು. ಇವರು ಒಟ್ಟು ಜನಸಂಖ್ಯೆಯ ಬಹುಪಾಲು. ಮಟ್ಟಾಂಚೇರಿ, ಎರ್ನಾಕುಲಂ, ಪರವೂರು, ಚೇಂದಮಂಗಲಂ, ಮಾಳ ಮುಂತಾದ ಕಡೆ ಇವರಿಗೆ ತಮ್ಮದೇ ಮಂದಿರಗಳಿದ್ದವು. ಇವೆರಡೂ ಅಲ್ಲದ ಮೂರನೆಯ ಗುಂಪೊಂದಿತ್ತು. ಪರದೇಸಿ ಮನೆತನಗಳಲ್ಲಿ ಗುಲಾಮರಾಗಿದ್ದು ಬಿಡುಗಡೆಯಾದವರ, ಅವರ ಸಂತತಿಯವರ ಗುಂಪು. ಹೀಬ್ರೂ ಭಾಷೆಯಲ್ಲಿ ಇವರಿಗೆ 'ಮೆಶುಹ್ರಾರ್' ಎಂದು ಹೆಸರು. ಬಿಡುಗಡೆ ಹೊಂದಿದವರು ಎಂದರ್ಥ. ಹೆಸರಿನಲ್ಲಿ ಬಿಡುಗಡೆ ಇತ್ತು, ಬದುಕಿನಲ್ಲಿ ಇರಲಿಲ್ಲ.

ಅವರು ಅದೇ ದೇವರನ್ನು ನಂಬಿದವರು, ಅದೇ ಹಬ್ಬ ಮಾಡುವವರು, ಅದೇ ಪರದೇಸಿ ಮಂದಿರಕ್ಕೆ ಬರುವವರು. ಆದರೆ ಒಳಗಿನ ಬೆಂಚಿನ ಮೇಲೆ ಕೂರುವಂತಿಲ್ಲ. ಹೊರಗಿನ ಅಂಕಣದಲ್ಲೋ ನೆಲದ ಮೇಲೋ ಕೂರಬೇಕು. ತೋರಾ ಅಂದರೆ ಅವರ ಪವಿತ್ರ ಗ್ರಂಥ. ಅದನ್ನು ಓದಲು ಸಭೆಯಲ್ಲಿ ಅವರನ್ನು ಕರೆಯುವುದಿಲ್ಲ. ಸತ್ತರೆ ಬಿಳಿಯರ ಸ್ಮಶಾನದಲ್ಲಿ ಜಾಗವಿಲ್ಲ. ಹೆಣ್ಣು ಗಂಡು ಕೊಟ್ಟು ತರುವ ಮಾತಂತೂ ದೂರ. ಕನಕನ ಕಿಂಡಿಯ ಕಥೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಮೆಶುಹ್ರಾರ್ ಮನೆಯಲ್ಲಿ 1882ರಲ್ಲಿ ಹುಟ್ಟಿದವರು ಅಬ್ರಹಾಂ ಬರಾಕ್ ಸೇಲಂ. ರಾಜಾಜಿಗಿಂತ ನಾಲ್ಕು ವರ್ಷ ಚಿಕ್ಕವರು. ತಾಯಿಯೇ ಸಾಕಿ ಬೆಳೆಸಿದ್ದು. ಎರ್ನಾಕುಲಂನ ಮಹಾರಾಜಾ ಕಾಲೇಜಿನಲ್ಲಿ ಓದಿ, ಮದರಾಸಿಗೆ ಹೋಗಿ ಬಿ.ಎ. ಮಾಡಿದರು, ಕಾನೂನನ್ನೂ ಓದಿದರು. ಕೊಚ್ಚಿಯ ಯಹೂದಿಗಳಲ್ಲಿ ಪದವಿ ಪಡೆದ ಮೊದಲಿಗರು ಅವರೇ. ಮಂದಿರದ ಬೆಂಚಿನ ಮೇಲೆ ಕೂರುವ ಹಕ್ಕಿಲ್ಲದವನು ಇಡೀ ಸಮುದಾಯದ ಮೊದಲ ಪದವೀಧರ! ಓದು ಮಾಡುವ ಕೆಲಸ ಇದೇ ನೋಡಿ.

ರಾಜಾಜಿಯ ದಾರಿಯೂ ಹೆಚ್ಚು ಕಡಿಮೆ ಇದೇ ಥರದ್ದು. ತೊರಪಲ್ಲಿ, ಹೊಸೂರು, ಬೆಂಗಳೂರಿನ ಸೆಂಟ್ರಲ್ ಕಾಲೇಜು, ಆಮೇಲೆ ಮದರಾಸಿನಲ್ಲಿ ಕಾನೂನು. ಒಬ್ಬರು ಅಗ್ರಹಾರದ ಮುನ್ಸೀಫರ ಮಗ, ಇನ್ನೊಬ್ಬರು ಹೊಸ್ತಿಲ ಹೊರಗಿನ ಮನೆಯವರ ಮಗ. ಇಬ್ಬರೂ ವಕೀಲರಾದರು, ಇಬ್ಬರೂ ಗಾಂಧೀಜಿಯ ದಾರಿ ಹಿಡಿದರು.

ಸೇಲಂ ಅವರು ಎರ್ನಾಕುಲಂಗೆ ವಾಪಸು ಬಂದು ವಕೀಲಿ ಶುರು ಮಾಡಿದರು. ಮದರಾಸಿನಲ್ಲೇ ಉಳಿದಿದ್ದರೆ ಅವರ ಜಾತಿಯೊಳಗಿನ ಜಾತಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಬಂದರು. ಬಂದು ಮಂದಿರದ ಬಾಗಿಲಲ್ಲೇ ಜಗಳ ತೆಗೆದರು. ಅದು ಬಡಿದಾಟವಲ್ಲ, ಸತ್ಯಾಗ್ರಹ. ಕೆಲಕಾಲ ಮಂದಿರಕ್ಕೆ ಹೋಗುವುದನ್ನೇ ನಿಲ್ಲಿಸಿದರು. ಧರ್ಮದ ಯಾವ ಪುಸ್ತಕದಲ್ಲಿ ಈ ಭೇದ ಬರೆದಿದೆ ತೋರಿಸಿ ಎಂದು ವಾದಿಸಿದರು. 1929ರಲ್ಲಿ ಈ ಮಂದಿರದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದು ಪ್ರಕಟಿಸಿದರು. ಗಮನಿಸಿ, ತನ್ನನ್ನು ಹೊರಗೆ ಕೂರಿಸಿದ ಮಂದಿರದ ಬಗ್ಗೆ!

ಈ ಕಾಲವನ್ನು ಮಕ್ಕಳು ಒಂದು ಗೆರೆ ಎಳೆದು ಗುರುತು ಹಾಕಿಕೊಳ್ಳಬೇಕು. 1924ರಲ್ಲಿ ವೈಕಂ ಸತ್ಯಾಗ್ರಹ. ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ನಡೆಯುವ ಹಕ್ಕಿಗಾಗಿ. 1931ರಲ್ಲಿ ಗುರುವಾಯೂರು ಸತ್ಯಾಗ್ರಹ. 1936ರಲ್ಲಿ ತಿರುವಾಂಕೂರು ರಾಜನ ದೇವಸ್ಥಾನ ಪ್ರವೇಶ ಘೋಷಣೆ. 1939ರಲ್ಲಿ ಮಧುರೆ ಮೀನಾಕ್ಷಿ ದೇವಸ್ಥಾನಕ್ಕೆ ದಲಿತರ ಪ್ರವೇಶ. ಆಗ ಮದರಾಸಿನ ಪ್ರಧಾನಿಯಾಗಿದ್ದವರು ನಮ್ಮ ತೊರಪಲ್ಲಿಯ ರಾಜಾಜಿ. ಪ್ರವೇಶಕ್ಕೆ ಕಾನೂನಿನ ರಕ್ಷಣೆ ಕೊಟ್ಟವರೂ ಅವರೇ. ಇದೇ ವರ್ಷಗಳಲ್ಲಿ ಮಟ್ಟಾಂಚೇರಿಯ ಒಂದು ಪುಟ್ಟ ಬೀದಿಯಲ್ಲಿ, ಬೆರಳೆಣಿಕೆಯ ಕುಟುಂಬಗಳ ನಡುವೆ, ಅದೇ ಹೋರಾಟ ನಡೆಯುತ್ತಿತ್ತು. ಪತ್ರಿಕೆಗಳು ಬರೆಯುವಷ್ಟು ದೊಡ್ಡದಲ್ಲ. ಆದರೆ ನೋವಿಗೆ ಜನಸಂಖ್ಯೆಯ ಲೆಕ್ಕ ಇದೆಯೇ?

ಹಕ್ಕುಗಳು ಒಂದೊಂದಾಗಿ ಬಂದವು. ಒಳಗೆ ಕೂರುವುದು, ಓದಲು ಕರೆಯುವುದು, ಹೀಗೆ. 1937ರಲ್ಲಿ ಅಮೆರಿಕದ ವಿದ್ವಾಂಸ ಡೇವಿಡ್ ಮ್ಯಾಂಡಲ್‌ಬಾಮ್ ಕೊಚ್ಚಿಗೆ ಬಂದಾಗ ಹಳೆಯ ಕಟ್ಟುಪಾಡುಗಳು ಸಡಿಲವಾಗಿದ್ದವು. ಮದುವೆಯ ಗೋಡೆ ಮಾತ್ರ ಗಟ್ಟಿಯಾಗಿತ್ತು. 1950ರಲ್ಲಿ ಸೇಲಂ ಅವರ ಮಗನೊಬ್ಬ ಬಿಳಿ ಮನೆತನದ ಹೆಣ್ಣನ್ನು ಮದುವೆಯಾದಾಗ ಆ ಬೀದಿಯೇ ಅಲ್ಲಾಡಿತು. ಬೆಂಚಿನ ಮೇಲೆ ಜಾಗ ಕೊಡುವುದು ಸುಲಭ, ಮನೆಯೊಳಗೆ ಜಾಗ ಕೊಡುವುದು ಕಷ್ಟ. ನಮ್ಮ ಊರುಗಳಲ್ಲಿ ಇದು ಯಾರಿಗೆ ಗೊತ್ತಿಲ್ಲ ಹೇಳಿ?

ಸೇಲಂ ತಮ್ಮ ಗುಂಪಿನ ಕೆಲಸಕ್ಕಷ್ಟೇ ಅಂಟಿಕೊಂಡವರಲ್ಲ ಎಂಬುದು ಮುಖ್ಯ. 1925ರಲ್ಲಿ ಕೊಚ್ಚಿ ಸಂಸ್ಥಾನದಲ್ಲಿ ಶಾಸನ ಸಭೆ ಆರಂಭವಾದಾಗ ಅವರು ಅದರ ಸದಸ್ಯರು. 1931ರ ತನಕ ಒಮ್ಮೆ, ಮತ್ತೆ 1939ರಿಂದ 1945ರ ತನಕ ಇನ್ನೊಮ್ಮೆ. ಕಾರ್ಮಿಕ ಸಂಘಗಳ ಬೆಂಬಲಕ್ಕೆ ನಿಂತರು. 1929ರಲ್ಲಿ ಲಾಹೋರ್ ಕಾಂಗ್ರೆಸ್ ಅಧಿವೇಶನಕ್ಕೆ ಹೋದರು. ಪೂರ್ಣ ಸ್ವರಾಜ್ಯದ ನಿರ್ಣಯ ಆದದ್ದು ಅಲ್ಲೇ. ನಾವು ಜನವರಿ 26ಕ್ಕೆ ಮಕ್ಕಳಿಗೆ ಹೇಳುವ ಕಥೆಯ ಬೇರು ಆ ಅಧಿವೇಶನದಲ್ಲಿದೆ.

ಇಲ್ಲಿಂದ ಕಥೆ ಕಡಲು ದಾಟುತ್ತದೆ.

1933ರಲ್ಲಿ ಸೇಲಂ ಪ್ಯಾಲೆಸ್ಟೈನ್‌ಗೆ ಪ್ರಯಾಣ ಮಾಡಿದರು. ಆಗಿನ್ನೂ ಇಸ್ರೇಲ್ ಎಂಬ ದೇಶ ಹುಟ್ಟಿರಲಿಲ್ಲ. ಅದೇ ವರ್ಷ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಅಲ್ಲಿಂದ ಬಂದ ಮೇಲೆ ಯಹೂದಿಗಳಿಗೆ ಅವರದೇ ನೆಲೆ ಬೇಕು ಎಂಬ ವಿಚಾರದ ಕಡೆ ಸೇಲಂ ವಾಲಿದರು. ಆಮೇಲೆ ಯುರೋಪಿನಲ್ಲಿ 60 ಲಕ್ಷ ಯಹೂದಿಗಳ ಕೊಲೆಯಾಯಿತು. 1948ರಲ್ಲಿ ಇಸ್ರೇಲ್ ಹುಟ್ಟಿತು. ಅದೇ ಘಟನೆಯಲ್ಲಿ ಲಕ್ಷಾಂತರ ಪ್ಯಾಲೆಸ್ಟೈನ್ ಅರಬರು ತಮ್ಮ ಊರು ಮನೆ ಕಳೆದುಕೊಂಡರು ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಒಬ್ಬರ ನೆಲೆ ಇನ್ನೊಬ್ಬರ ನಷ್ಟವಾದ ಆ ಜಗಳ ಇನ್ನೂ ಮುಗಿದಿಲ್ಲ.

ಆ ಕಾಲದಲ್ಲಿ ಜಗತ್ತಿನ ಯಹೂದಿಗಳ ಪರವಾಗಿ ದೇಶದೇಶಗಳ ನಾಯಕರ ಜೊತೆ ಮಾತಾಡುತ್ತಿದ್ದವರಲ್ಲಿ ನಹುಂ ಗೋಲ್ಡ್‌ಮನ್ ದೊಡ್ಡ ಹೆಸರು. 1936ರಲ್ಲಿ ಜಿನೀವಾದಲ್ಲಿ ಹುಟ್ಟಿದ ವಿಶ್ವ ಯಹೂದಿ ಕಾಂಗ್ರೆಸ್‌ನ ಸ್ಥಾಪಕರಲ್ಲಿ ಒಬ್ಬರು, ಮುಂದೆ ಅದರ ಅಧ್ಯಕ್ಷರು. ಪಶ್ಚಿಮ ಜರ್ಮನಿಯ ಮುಖ್ಯಸ್ಥ ಅಡೆನಾವರ್ ಜೊತೆ ಎದುರುಬದುರು ಕೂತು ಪರಿಹಾರದ ಮಾತುಕತೆ ನಡೆಸಿದರು. 1952ರ ಸೆಪ್ಟೆಂಬರ್ 10ರಂದು ಲಕ್ಸೆಂಬರ್ಗ್‌ನಲ್ಲಿ ಒಪ್ಪಂದವಾಯಿತು. ಇಸ್ರೇಲಿಗೆ 300 ಕೋಟಿ ಮಾರ್ಕ್, ಯಹೂದಿ ಸಂಸ್ಥೆಗಳಿಗೆ 45 ಕೋಟಿ ಮಾರ್ಕ್. ಕೊಲೆಗಡುಕರ ದೇಶದ ಹಣ ಮುಟ್ಟಬಾರದೆಂದು ಯಹೂದಿಗಳೇ ಎಷ್ಟೋ ಜನ ಪ್ರತಿಭಟಿಸಿದರು. ಗೋಲ್ಡ್‌ಮನ್ ಬೈಗುಳ ತಿಂದರು, ಕೆಲಸ ಮುಗಿಸಿದರು.

ಗೋಲ್ಡ್‌ಮನ್ ಹಿಂದೆ ದೊಡ್ಡ ಸಂಸ್ಥೆ ಇತ್ತು. ಸೇಲಂ ಹಿಂದೆ ಇದ್ದದ್ದು ಒಟ್ಟು ಸುಮಾರು 2,500 ಜನ. ಆ ಕೊಚ್ಚಿ ಯಹೂದಿಗಳಲ್ಲಿ ಬಹಳಷ್ಟು ಜನ ಇಸ್ರೇಲಿಗೆ ಹೋಗಬೇಕೆಂದು ಹೊರಟು ನಿಂತಿದ್ದರು. ಅವರನ್ನು ಯಾರೂ ಇಲ್ಲಿಂದ ಓಡಿಸಿರಲಿಲ್ಲ. ಭಕ್ತಿ ಅವರನ್ನು ಎಳೆಯುತ್ತಿತ್ತು. ಆದರೆ ಹೋಗುವ ದಾರಿ ಕಟ್ಟಿತ್ತು. ಕೊಚ್ಚಿಯಲ್ಲಿ ಆನೆಕಾಲು ರೋಗ ಹೆಚ್ಚು. ಇವರು ಬಂದರೆ ರೋಗವೂ ಬರುತ್ತದೆ ಎಂದು ಇಸ್ರೇಲಿನ ಆರೋಗ್ಯ ಅಧಿಕಾರಿಗಳು ತಡೆ ಹಿಡಿದಿದ್ದರು. ಹೋಗುತ್ತೇವೆಂದು ಮನೆ ಸಾಮಾನು ಮಾರಿ ಕೂತವರು ಅತ್ತಲೂ ಇಲ್ಲ ಇತ್ತಲೂ ಇಲ್ಲ.

1953ರಲ್ಲಿ, 71ರ ವಯಸ್ಸಿನಲ್ಲಿ, ಸೇಲಂ ಇಸ್ರೇಲಿಗೆ ಹೋದರು. ಕೊಚ್ಚಿ ಯಹೂದಿಗಳ ಪರವಾಗಿ ಮಾತಾಡಲು. ಆಗ ಭಾರತಕ್ಕೂ ಇಸ್ರೇಲಿಗೂ ಪೂರ್ಣ ರಾಯಭಾರ ಸಂಬಂಧವೇ ಇರಲಿಲ್ಲ. 1950ರಲ್ಲಿ ಭಾರತ ಇಸ್ರೇಲನ್ನು ಮಾನ್ಯ ಮಾಡಿತ್ತು, ಪೂರ್ಣ ಸಂಬಂಧ ಬಂದದ್ದು 1992ರಲ್ಲಿ. ಅಂಥ ಕಾಲದಲ್ಲಿ ಒಂದು ಸಣ್ಣ ಊರಿನ ವಕೀಲ ಹೋಗಿ ತನ್ನ ಜನರ ಅಹವಾಲು ಮುಂದಿಟ್ಟ. ದಾರಿ ತೆರೆಯಿತು. ಮುಂದಿನ ಎರಡು ಮೂರು ವರ್ಷಗಳಲ್ಲಿ ಊರಿಗೆ ಊರೇ ಖಾಲಿಯಾಯಿತು. ಅಲ್ಲಿ ಅವರಿಗೆ ಸಿಕ್ಕಿದ್ದು ನೇವಾಟಿಂ, ಮೆಸಿಲಾತ್ ಜಿಯೋನ್ ಮುಂತಾದ ಹೊಸ ಹಳ್ಳಿಗಳು. ಮರಳು, ಕಲ್ಲು, ಬೇಸಾಯ. ಕಷ್ಟಪಟ್ಟು ನೆಲ ಹಸಿರು ಮಾಡಿದರು. ನೇವಾಟಿಂನಲ್ಲಿ ಇಂದಿಗೂ ಕೊಚ್ಚಿ ಮಾದರಿಯ ಮಂದಿರವಿದೆ. ಮಲಯಾಳಂ ಹಾಡುಗಳನ್ನು ಅಲ್ಲಿನ ಅಜ್ಜಿಯರು ಪುಸ್ತಕಗಳಲ್ಲಿ ಬರೆದಿಟ್ಟುಕೊಂಡು ಜೋಪಾನ ಮಾಡಿದರು.

ಈಗ ಇಡೀ ಕಥೆಯ ಮುಖ್ಯ ಮಾತಿಗೆ ಬಂದೆವು. ಎಲ್ಲರಿಗೂ ದಾರಿ ಮಾಡಿಕೊಟ್ಟ ಸೇಲಂ ತಾವು ಹೋಗಲಿಲ್ಲ! ಕೊಚ್ಚಿಯಲ್ಲೇ ಉಳಿದರು. 1967ರಲ್ಲಿ ಅಲ್ಲೇ ತೀರಿಕೊಂಡರು. ಯಾವ ಬೀದಿಯಲ್ಲಿ ಅವರ ಜನ ಹೊಸ್ತಿಲಾಚೆ ಕೂರುತ್ತಿದ್ದರೋ ಅದೇ ಬೀದಿಯ ರಸ್ತೆಗೆ ಈಗ ಎ.ಬಿ. ಸೇಲಂ ಎಂದೇ ಹೆಸರು.

ಅವರು ತೀರಿಕೊಂಡ ಮರುವರ್ಷ, 1968ರಲ್ಲಿ, ಮಂದಿರಕ್ಕೆ 400 ವರ್ಷ ತುಂಬಿತು. ಪ್ರಧಾನಿ ಇಂದಿರಾ ಗಾಂಧಿ ಬಂದಿದ್ದರು. ಅಂಚೆ ಚೀಟಿಯೂ ಹೊರಬಂತು. ಆದರೆ ಯಹೂದಿಗಳ ಸಾಮೂಹಿಕ ಪ್ರಾರ್ಥನೆಗೆ ಒಂದು ನಿಯಮವಿದೆ. ಹತ್ತು ಜನ ವಯಸ್ಕ ಗಂಡಸರು ಸೇರಲೇಬೇಕು. ಒಂಬತ್ತಾದರೆ ನಡೆಯುವುದಿಲ್ಲ. ವರ್ಷಗಳು ಹೋದ ಹಾಗೆ ಮಟ್ಟಾಂಚೇರಿಯಲ್ಲಿ ಆ ಹತ್ತು ಜನ ಸಿಗುವುದೇ ಕಷ್ಟವಾಯಿತು. ಒಂದು ಕಾಲಕ್ಕೆ ನಿನಗೆ ಬೆಂಚಿಲ್ಲ ಎಂದು ಹೊರಗೆ ಕೂರಿಸಿದ ಮಂದಿರದಲ್ಲಿ ಕೊನೆಗೆ ಬೆಂಚುಗಳೇ ಉಳಿದವು, ಕೂರುವವರು ಉಳಿಯಲಿಲ್ಲ. 2019ರಲ್ಲಿ ಅಲ್ಲಿನ ಹಿರಿಯಜ್ಜಿ ಸಾರಾ ಕೊಹೆನ್, 2024ರಲ್ಲಿ ಕ್ವೀನಿ ಹಲ್ಲೆಗುವಾ ತೀರಿಕೊಂಡರು. ಈಗ ಅದು ಪ್ರವಾಸಿಗರು ಟಿಕೆಟ್ ಕೊಂಡು ನೋಡುವ ಜಾಗ.

ಈ ಹತ್ತರ ಲೆಕ್ಕ ಓದಿದ ದಿನ ನಮಗೆ ನಿದ್ದೆ ಬರಲಿಲ್ಲ ಎಂದರೆ ಉತ್ಪ್ರೇಕ್ಷೆ ಅಲ್ಲ. ಏಕೆಂದರೆ ನಾವೂ ಪ್ರತಿ ಜೂನ್‌ನಲ್ಲಿ ಇದೇ ಲೆಕ್ಕ ಹಾಕುವವರು. ಒಂದನೇ ತರಗತಿಗೆ ಎಷ್ಟು ಜನ ಸೇರಿದರು? ಹತ್ತು ದಾಟಿತೆ? 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳಾದಾಗ ಕಾಸರಗೋಡು ಕೇರಳಕ್ಕೆ ಹೋಯಿತು, ಹೊಸೂರು ಮದರಾಸಿನಲ್ಲೇ ಉಳಿಯಿತು. ಅಂದಿನಿಂದ ನಾವು ಗಡಿಯಾಚೆಯವರು. 2006ರ ಕಾಯ್ದೆಯಿಂದ ತಮಿಳು ಕಲಿಕೆ ಹಂತಹಂತವಾಗಿ ಕಡ್ಡಾಯವಾಯಿತು. ತಮಿಳು ಕಲಿಯುವುದು ತಪ್ಪೇನಲ್ಲ. ಈ ನೆಲದ ಅನ್ನ ಉಣ್ಣುವವರು ಈ ನೆಲದ ಭಾಷೆ ಕಲಿಯಲೇಬೇಕು. ರಾಜಾಜಿಯಂಥವರು ಎಷ್ಟು ಭಾಷೆಗಳ ನಡುವೆ ಬೆಳೆದರು! ನಮ್ಮ ಚಿಂತೆ ಕನ್ನಡದ ಬೆಂಚು ಖಾಲಿಯಾಗುತ್ತಿರುವುದರ ಬಗ್ಗೆ. ಅದಕ್ಕೆ ಸರ್ಕಾರವನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ.

ಸೇಲಂ ಕಥೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅದು ಎರಡು ಪ್ರಶ್ನೆ ಕೇಳುತ್ತದೆ.

ಒಂದು: ಇರುವುದೇ ಇಷ್ಟು ಜನ, ಅದರಲ್ಲೂ ಒಳಗೆ ಯಾರು ಹೊರಗೆ ಯಾರು ಎಂದು ವಿಂಗಡಿಸುತ್ತೀರಾ? ಕನ್ನಡ ಸಂಘದ ಸಭೆ ಎಂದರೆ ಮುಂದಿನ ಸಾಲಿನಲ್ಲಿ ಯಾವ ಬೀದಿಯವರು ಕೂರುತ್ತಾರೆ, ರಾಜ್ಯೋತ್ಸವದ ಅಡುಗೆಯನ್ನು ಯಾರು ಮಾಡಿದರೆ ಯಾರು ಉಣ್ಣುವುದಿಲ್ಲ, ಇವೆಲ್ಲ ನಾವು ಕಣ್ಣಾರೆ ಕಂಡವು. ಶಾಲೆ ಉಳಿಸಿ ಎಂದು ಮನೆಮನೆಗೆ ಹೋಗುವಾಗ ಕೆಲವು ಬೀದಿಗಳಿಗೆ ಕೊನೆಗೆ ಹೋದದ್ದೂ ಉಂಟು. ಆ ಬೀದಿಯವರು ನಮ್ಮ ಮೇಲೆ ಯಾಕೆ ನಂಬಿಕೆ ಇಡಬೇಕು?

ಎರಡನೆಯ ಪ್ರಶ್ನೆ ಇನ್ನೂ ಕಹಿ. ಸೇಲಂ ಹೋಗಬೇಕೆಂದವರನ್ನು ಗೌರವದಿಂದ ಕಳಿಸಿಕೊಟ್ಟು ತಾವು ಉಳಿದರು. ನಾವು ಮಾಡಿದ್ದು ತದ್ವಿರುದ್ಧ. ಕೂಲಿಯವರ ಮನೆ ಅಂಗಳದಲ್ಲಿ ನಿಂತು ಮಗುವನ್ನು ಕನ್ನಡ ಮಾಧ್ಯಮಕ್ಕೆ ಕಳಿಸಿ ಎಂದು ಬೇಡಿದೆವು, ನಮ್ಮ ಮಗಳನ್ನು ಮಾತ್ರ ಹೊಸೂರಿನ ಇಂಗ್ಲಿಷ್ ಮಾಧ್ಯಮದ ಶಾಲೆಗೆ ವ್ಯಾನಿನಲ್ಲಿ ಕಳಿಸಿದೆವು. ಒಬ್ಬ ತಾಯಿ ನೇರವಾಗಿ ಕೇಳಿದ್ದರು: "ನಿಮ್ಮ ಹುಡುಗಿ ಯಾವ ಸ್ಕೂಲು ಸಾರ್?" ಅಂದು ಉತ್ತರ ಹೇಳದೆ ಸೈಕಲ್ ಹತ್ತಿ ಬಂದೆವು. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆವು. ಬರೆಯದಿದ್ದರೆ ಸೇಲಂ ಅವರ ಕಥೆ ಹೇಳುವ ಯೋಗ್ಯತೆ ನಮಗಿಲ್ಲ ಅನ್ನಿಸಿತು.

ನಾಯಕ ಎಂದರೆ ವೇದಿಕೆ, ಹಾರ, ವಿದೇಶ ಪ್ರವಾಸ ಎಂದು ಮಕ್ಕಳು ತಿಳಿದಿರುತ್ತಾರೆ. ಸೇಲಂ ವಿದೇಶಕ್ಕೆ ಹೋದದ್ದು ತಮ್ಮವರ ಕೆಲಸಕ್ಕೆ. ಹೊರಗಿನವರ ಮುಂದೆ ತಮ್ಮ ಜನರ ಪರವಾಗಿ ಮಾತಾಡಿದರು, ತಮ್ಮ ಜನರ ಮುಂದೆ ಅವರ ತಪ್ಪನ್ನೂ ಹೇಳಿದರು. ಮೊದಲನೆಯದನ್ನು ಮಾಡುವವರು ಎಲ್ಲ ಸಂಘಗಳಲ್ಲೂ ಸಿಗುತ್ತಾರೆ. ಎರಡನೆಯದನ್ನು ಮಾಡುವವರು ಅಪರೂಪ.

ಗಾಂಧಿಗಳು ಎಷ್ಟು ಜನ ಎಂದು ಕೇಳಿದ ಹುಡುಗನಿಗೆ ಮರುದಿನ ಈ ಕಥೆಯ ಉಳಿದ ಭಾಗ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವರು ಒಳಗೆ ಕೂತ ಮೇಲೆ ಎಲ್ಲರೂ ಹೋಗಿಬಿಟ್ಟರಾ ಸಾರ್?" ಎಂದ. ಹೌದಪ್ಪ ಎಂದೆವು. "ಅವರು ಒಬ್ಬರೇ ಏನು ಮಾಡಿದರು?" ಎಂದ. ಅದಕ್ಕೆ ಉತ್ತರ ನಮ್ಮ ಹತ್ತಿರ ಇರಲಿಲ್ಲ. ಹಾಜರಿ ಪುಸ್ತಕ ತೆಗೆದು ಹೆಸರು ಕೂಗಲು ಶುರು ಮಾಡಿದೆವು. ಅಂದು ಆ ತರಗತಿಯಲ್ಲಿ ಹನ್ನೊಂದು ಮಕ್ಕಳಿದ್ದರು.

ಮತ್ತೆ ಭೇಟಿಯಾಗೋಣ. ನಿಮ್ಮ ಶಾಲೆಯ ಮಕ್ಕಳಿಗೂ ಈ ಕಥೆ ಹೇಳಿ.